ಸಾಲ ಕೊಟ್ಟವನು ಹೊಸ್ತಿಲ ಆಚೆ ನಿಲ್ಲಲಿ

ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಒಂದು ಸಣ್ಣ ಕಟ್ಟಳೆ ಇದೆ. ಚರ್ಚಿನ ಪ್ರಸಂಗಗಳಲ್ಲಿ ನಾನು ಇದನ್ನು ಕೇಳಿದ್ದು ಕಡಿಮೆ. ನನ್ನ ಮಾತಿನಲ್ಲಿ ಹೇಳುತ್ತೇನೆ. ನೀನು ಒಬ್ಬನಿಗೆ ಸಾಲ ಕೊಟ್ಟಿದ್ದೀಯ. ಅದಕ್ಕೆ ಒತ್ತೆ ತೆಗೆದುಕೊಳ್ಳಬೇಕು. ಆಗ ಅವನ ಮನೆಯೊಳಗೆ ಹೋಗಬೇಡ. ಹೊರಗೇ ನಿಲ್ಲು. ಏನು ಕೊಡಬೇಕೋ ಅದನ್ನು ಅವನೇ ಹೊರಗೆ ತಂದು ಕೊಡಲಿ. ಅಷ್ಟೇ, ಎರಡೇ ವಚನ.

ಸಾಲ ತೀರಿಸಬೇಡ ಅಂತ ಇಲ್ಲಿ ಹೇಳಿಲ್ಲ. ಒತ್ತೆ ಇಡಬೇಡ ಅಂತಲೂ ಹೇಳಿಲ್ಲ. ಕೊಟ್ಟವನ ಕಾಲು ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಹೇಳಿದೆ. ಬಡವನ ಮನೆಗೂ ಒಂದು ಹೊಸ್ತಿಲು ಇದೆ, ಅದನ್ನು ದುಡ್ಡು ದಾಟಬಾರದು. ಅದೇ ಅಧ್ಯಾಯದಲ್ಲಿ ಇನ್ನೂ ಎರಡು ಮಾತಿವೆ. ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬೇಡ, ಅದು ಅವನ ಜೀವವನ್ನೇ ತೆಗೆದುಕೊಂಡ ಹಾಗೆ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವಾಗ ವಾಪಸ್ ಕೊಡು, ಅವನು ರಾತ್ರಿ ಅದನ್ನು ಹೊದ್ದು ಮಲಗಬೇಕು. ಇವತ್ತಿನ ಬೀಸುವ ಕಲ್ಲು ಯಾವುದು? ಒಬ್ಬರ ಹೊಲಿಗೆ ಯಂತ್ರ, ಇನ್ನೊಬ್ಬರ ಆಟೋ, ಮತ್ತೊಬ್ಬರ ಹಸು.

ಈ ವಚನವನ್ನು ಇವತ್ತು ಯಾಕೆ ಎತ್ತಿಕೊಂಡೆ ಎಂದು ಹೇಳುತ್ತೇನೆ. 2024ರ ಡಿಸೆಂಬರ್ 24ರಂದು ಪೋಪ್ ಫ್ರಾನ್ಸಿಸ್ ರೋಮ್‌ನಲ್ಲಿ ಜೂಬಿಲಿ ವರ್ಷದ, ಅಂದರೆ ಕ್ಷಮೆ ಮತ್ತು ಬಿಡುಗಡೆಯ ವಿಶೇಷ ವರ್ಷದ, ಪವಿತ್ರ ದ್ವಾರ ತೆರೆದರು. ಬಡ ದೇಶಗಳ ಸಾಲವನ್ನು ಮನ್ನಾ ಮಾಡಿ ಎಂದು ಶ್ರೀಮಂತ ದೇಶಗಳಿಗೆ ಆ ಜೂಬಿಲಿಯ ಪತ್ರದಲ್ಲೇ ಕೇಳಿದ್ದರು. ಅದಾದ ಮುಂದಿನ ತಿಂಗಳೇ, 2025ರ ಜನವರಿಯಲ್ಲಿ, ನಮ್ಮ ಪತ್ರಿಕೆಗಳಲ್ಲಿ ಏನು ಬಂತು? ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ರಾತ್ರೋರಾತ್ರಿ ಊರು ಬಿಟ್ಟ ಕುಟುಂಬಗಳ ಸುದ್ದಿ. ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳ ಕಂತು ಕಟ್ಟಲಾಗದೆ ಹೋದವರು ಅವರು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದರು. ನಾವು ಆ ಭಾನುವಾರಗಳಲ್ಲಿ ಜೂಬಿಲಿಯ ಹಾಡು ಹಾಡುತ್ತಿದ್ದೆವು. ನನಗೆ ಅದು ಈಗಲೂ ಚುಚ್ಚುತ್ತದೆ.

ನಾನು ಒಂದು ಸಹಕಾರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವನು. ಸಾಲ ಕೊಟ್ಟಿದ್ದೇನೆ, ವಸೂಲಿಗೂ ಹೋಗಿದ್ದೇನೆ. ನಿವೃತ್ತಿಯಾದ ಮೇಲೆ ನಮ್ಮ ಬೀದಿಯ ಒಬ್ಬ ತಾಯಿಯ ಮನೆಯಲ್ಲಿ ನಾನು ಕಂಡದ್ದನ್ನು ಹೇಳಬೇಕು. ಐದು ಕಡೆ ಸಂಘದ ಸಾಲ, ಅಂದರೆ ಇಂಥ ಕಂಪನಿಗಳು ಹೆಂಗಸರ ಗುಂಪಿಗೆ ಕೊಡುವ ಸಾಲ. ಮೊದಲನೆಯದು ಗಂಡನ ಆಪರೇಷನ್‌ಗೆ. ಎರಡನೆಯದು ಮಗಳ ಮದುವೆಗೆ. ಮೂರನೆಯದು ಮೊದಲನೆಯದರ ಕಂತು ಕಟ್ಟಲು. ನಾಲ್ಕು, ಐದು ಯಾವುದಕ್ಕೆ ಅಂತ ಅವರಿಗೇ ನೆನಪಿರಲಿಲ್ಲ. ಕಂತಿನ ದಿನ ಬೆಳಿಗ್ಗೆ ಏಳಕ್ಕೆ ವಸೂಲಿಯವರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಗುಂಪಿನ ಉಳಿದ ಹೆಂಗಸರನ್ನೂ ಕರೆಸಿ ಕೂರಿಸುತ್ತಿದ್ದರು. ದುಡ್ಡು ಬರುವ ತನಕ ಯಾರೂ ಏಳುವಂತಿಲ್ಲ. ಕೂಲಿಗೆ ಹೋಗಬೇಕಾದವರು ಅಲ್ಲೇ ಕೂತು ಆ ತಾಯಿಯನ್ನು ಬೈಯುತ್ತಿದ್ದರು. ಹತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು ಅವರೆಲ್ಲ. ಆ ತಾಯಿ ನನಗೆ ಹೇಳಿದ್ದು ಒಂದೇ ಮಾತು. "ಅಣ್ಣಾ, ದುಡ್ಡು ಹೋದರೆ ದುಡಿಯಬಹುದು. ಇವರ ಮುಖ ಹೆಂಗೆ ನೋಡಲಿ?"

ನಿಯಮ ಇಲ್ಲ ಅಂತಲ್ಲ. ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಕೊಡುವ, ಒತ್ತೆ ಇಲ್ಲದ ಸಾಲವನ್ನು ಅದು ಮೈಕ್ರೋಫೈನಾನ್ಸ್ ಸಾಲ ಎನ್ನುತ್ತದೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅಂದರೆ ತಿಂಗಳಿಗೆ 15,000 ಬರುವ ಮನೆಯ ಕಂತುಗಳು ಒಟ್ಟು 7,500 ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರನ್ನು ಪೀಡಿಸುವಂತಿಲ್ಲ. ಬಡ್ಡಿ ಎಷ್ಟು, ಒಟ್ಟು ಖರ್ಚು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಇದನ್ನೆಲ್ಲ ನಾನು ಆ ತಾಯಿಗೆ ಓದಿ ಹೇಳಿದಾಗ ಅವರು ಬೆರಗಾಗಿ ನೋಡಿದರು. ತಮ್ಮ ಪರವಾಗಿ ಒಂದು ಕಾಗದ ಇದೆ ಎಂಬುದೇ ಅವರಿಗೆ ಹೊಸದು.

ಆದರೆ ಅದೇ ನಿಯಮ ಇನ್ನೊಂದು ಕೆಲಸವನ್ನೂ ಮಾಡಿತು. ಮೊದಲು ಈ ಕಂಪನಿಗಳ ಬಡ್ಡಿಗೆ ಒಂದು ಮಿತಿ ಇತ್ತು. 2022ರಲ್ಲಿ ಅದನ್ನು ತೆಗೆದರು. ಪೈಪೋಟಿಯಿಂದ ಬಡ್ಡಿ ತಾನೇ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಪೈಪೋಟಿ ಬಂದದ್ದು ನಿಜ. ಆದರೆ ನಮ್ಮ ಬೀದಿಯಲ್ಲಿ ನಾನು ಕಂಡ ಪೈಪೋಟಿ, ಒಬ್ಬರಿಗೇ ಐದು ಜನ ಸಾಲ ಕೊಡುವ ಪೈಪೋಟಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ಹಳೆಯ ಅಭ್ಯಾಸ. "ಬರೀ 12 ಪರ್ಸೆಂಟ್" ಅಂತ ಯಾರಾದರೂ ಹೇಳಿದರೆ, ಫ್ಲಾಟ್ ಬಡ್ಡಿಯೋ, ಇಳಿಯುವ ಅಸಲಿನ ಮೇಲಿನ ಬಡ್ಡಿಯೋ ಅಂತ ಕೇಳಿ. 50,000 ತೆಗೆದುಕೊಂಡು ಒಂದು ವರ್ಷ ತಿಂಗಳು ತಿಂಗಳು ಕಟ್ಟುತ್ತೀರಿ. ಫ್ಲಾಟ್ 12 ಅಂದರೆ ಬಡ್ಡಿ 6,000, ತಿಂಗಳ ಕಂತು ಸುಮಾರು 4,667. ಆದರೆ 50,000 ನಿಮ್ಮ ಕೈಯಲ್ಲಿ ಇಡೀ ವರ್ಷ ಇರಲಿಲ್ಲ ಅಲ್ವಾ? ಮೊದಲ ತಿಂಗಳಿಂದಲೇ ಅಸಲು ವಾಪಸ್ ಹೋಗುತ್ತಾ ಬಂತು. ಸರಿಯಾಗಿ ಲೆಕ್ಕ ಹಾಕಿದರೆ ನೀವು ಕಟ್ಟಿದ್ದು 21 ಪರ್ಸೆಂಟ್‌ಗಿಂತ ಜಾಸ್ತಿ. ಇನ್ನು ಮೀಟರ್ ಬಡ್ಡಿಯವರು ತಿಂಗಳಿಗೆ ನೂರಕ್ಕೆ ಹತ್ತು ಅಂತಾರೆ. ಅಂದರೆ ಒಂದು ವರ್ಷದಲ್ಲಿ ಬಡ್ಡಿಯೇ ಅಸಲನ್ನು ಮೀರುತ್ತದೆ, ಅಸಲು ಹಾಗೇ ನಿಂತಿರುತ್ತದೆ.

ಬಡ್ಡಿ ಅಸಲನ್ನು ಮೀರಬಾರದು ಎಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಹಿಂದೂ ಧರ್ಮಶಾಸ್ತ್ರದಲ್ಲಿ ದಾಮದುಪಟ್ ಎಂಬ ನಿಯಮ ಇದೆ. ಬಾಕಿ ಬಡ್ಡಿಯನ್ನು ಅಸಲಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಹಳೆಯ ಮುಂಬೈ ಪ್ರಾಂತ್ಯದ ಕೋರ್ಟುಗಳು ಇದನ್ನು ಪಾಲಿಸುತ್ತಿದ್ದವು. ಇಸ್ಲಾಂ ಅಂತೂ ಬಡ್ಡಿಯನ್ನೇ ಬೇಡ ಎನ್ನುತ್ತದೆ. ಹಾಗಾಗಿ ನಾವು ಕ್ರೈಸ್ತರು ಈ ವಿಷಯ ಎತ್ತಿದಾಗ ಯಾರಿಗೂ ಪರದೇಶದ ಮಾತು ಆಡುತ್ತಿಲ್ಲ. ಪಕ್ಕದ ಮನೆಯವರ ಅಜ್ಜಂದಿರೂ ಇದನ್ನೇ ಹೇಳಿದ್ದರು.

ಈಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆಗೆ ಬರೋಣ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ದಿನಾ ಹೇಳುತ್ತೇವೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವ ಪದದ ನೇರ ಅರ್ಥ ಸಾಲ. ನಮ್ಮ ಸಾಲಗಾರರಿಗೆ ನಾವು ಬಿಟ್ಟಂತೆ ನಮ್ಮ ಸಾಲಗಳನ್ನು ಬಿಡು. ತಪ್ಪು ಎಂಬ ಅನುವಾದ ಸರಿಯಲ್ಲ ಎಂದು ನಾನು ಹೇಳುತ್ತಿಲ್ಲ, ಯೇಸು ಪಾಪವನ್ನೂ ಸೇರಿಸಿಯೇ ಹೇಳಿದರು. ಆದರೆ ಗಲಿಲಾಯದ ಬೆಸ್ತರು, ಕೂಲಿಯವರು ಆ ಪದ ಕೇಳಿದಾಗ ಅವರ ಮನಸ್ಸಿಗೆ ಮೊದಲು ಬಂದದ್ದು ಕೈಬಿಟ್ಟುಹೋದ ಹೊಲ, ತೆರಿಗೆಯ ಬಾಕಿ. ಹತ್ತು ಸಾವಿರ ತಲಾಂತಿನ, ಅಂದರೆ ತೀರಿಸಲಾಗದಷ್ಟು ದೊಡ್ಡ ಸಾಲ ಮನ್ನಾ ಆದವನು ಹೊರಗೆ ಬಂದು ನೂರು ಹಣದ ಸಾಲಕ್ಕೆ ಜೊತೆ ಕೆಲಸದವನ ಕುತ್ತಿಗೆ ಹಿಡಿದ ಕಥೆ ಅವರಿಗೆ ಬರೀ ಉಪಮೆಯಾಗಿರಲಿಲ್ಲ. ಅಂಥ ಕುತ್ತಿಗೆ ಹಿಡಿಯುವುದನ್ನು ಅವರು ಬೀದಿಯಲ್ಲಿ ಕಂಡಿದ್ದರು.

ಸರಿ, ಸಾಲ ಮನ್ನಾ ಮಾಡುತ್ತಾ ಹೋದರೆ ನಾಳೆ ಯಾರು ಸಾಲ ಕೊಡುತ್ತಾರೆ? ಈ ಪ್ರಶ್ನೆ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿದೆ. ಇದು ದುಷ್ಟರ ಪ್ರಶ್ನೆ ಅಲ್ಲ, ನ್ಯಾಯವಾದ ಪ್ರಶ್ನೆ. ಧರ್ಮೋಪದೇಶಕಾಂಡ 15ರಲ್ಲೇ ಇದು ಇದೆ. ಏಳನೇ ವರ್ಷ ಸಾಲ ಬಿಟ್ಟುಬಿಡಬೇಕು ಎಂಬ ನಿಯಮ ಹೇಳಿದ ಕೂಡಲೇ, ಬಿಡುಗಡೆಯ ವರ್ಷ ಹತ್ತಿರ ಬಂತಲ್ಲಾ ಎಂದು ಬಡವನಿಗೆ ಕೈ ಬಿಗಿಹಿಡಿಯಬೇಡ ಎನ್ನುತ್ತದೆ ಅದೇ ಅಧ್ಯಾಯ. ಅಂದರೆ ಜನ ಕೈ ಬಿಗಿಹಿಡಿಯುತ್ತಾರೆ ಎಂದು ಮೋಶೆಯ ಧರ್ಮಶಾಸ್ತ್ರಕ್ಕೆ ಗೊತ್ತಿತ್ತು. ಆಮೇಲೆ ಆದದ್ದೂ ಅದೇ. ಯೇಸುವಿಗೆ ಸ್ವಲ್ಪ ಮೊದಲು ಇದ್ದ ಹಿಲ್ಲೇಲ್ ಎಂಬ ಯೆಹೂದಿ ಗುರು, ಯಾರೂ ಸಾಲ ಕೊಡುತ್ತಿಲ್ಲ ಎಂದು ಕಂಡು, ಸಾಲವನ್ನು ನ್ಯಾಯಸ್ಥಾನದ ಸುಪರ್ದಿಗೆ ಒಪ್ಪಿಸುವ ಒಂದು ಪತ್ರದ ವ್ಯವಸ್ಥೆ ಮಾಡಿದ. ಅದಕ್ಕೆ ಪ್ರೊಸ್‌ಬುಲ್ ಎಂದು ಹೆಸರು. ಅದರಿಂದ ಏಳನೇ ವರ್ಷದಲ್ಲೂ ಸಾಲ ಉಳಿಯುತ್ತಿತ್ತು, ಬಡವನಿಗೆ ಸಾಲ ಹುಟ್ಟುತ್ತಲೂ ಇತ್ತು. ಹಿಲ್ಲೇಲ್‌ನನ್ನು ನಾನು ದೂರುವುದಿಲ್ಲ. ಬಡವನ ಮುಂದೆ ಬಾಗಿಲು ಮುಚ್ಚದಿರಲಿ ಎಂದೇ ಅವನು ಹಾಗೆ ಮಾಡಿದ್ದು.

ನಮ್ಮ ಕಾಲದಲ್ಲೂ ಇದನ್ನು ಕಂಡಿದ್ದೇವೆ. 2010ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಇಂಥದ್ದೇ ಸಂಕಟದಲ್ಲಿ ಸುಗ್ರೀವಾಜ್ಞೆ ತಂದಿತು. ವಸೂಲಿ ನಿಂತಿತು, ಹೊಸ ಸಾಲವೂ ನಿಂತಿತು. ಕರ್ನಾಟಕದಲ್ಲಿ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ ಇಲ್ಲದೆ ಬಡವರಿಗೆ ಸಾಲ ಕೊಟ್ಟವರಿಗೆ ಅದನ್ನು ವಸೂಲು ಮಾಡುವ ಹಕ್ಕಿಲ್ಲ. ನಾನು ಆ ದಿನ ದೇವರಿಗೆ ಸ್ತೋತ್ರ ಹೇಳಿದೆ. ಹೊಸ್ತಿಲ ಆಚೆ ನಿಲ್ಲು ಎಂದು ಒಂದು ಸರ್ಕಾರ ಹೇಳಿತಲ್ಲಾ ಎಂದು. ಆದರೆ ಹೆದರಿಕೆಯಿಂದ ಸಾಲ ಕೊಡುವವರು ಹಿಂದೆ ಸರಿದರೆ, ಮಗುವಿಗೆ ಜ್ವರ ಬಂದ ರಾತ್ರಿ ಆ ತಾಯಿ ಯಾರ ಮನೆ ಬಾಗಿಲು ತಟ್ಟಬೇಕು? ಕಾನೂನು ಒಂದು ಬಾಗಿಲಿಗೆ ಚಿಲಕ ಹಾಕಿದೆ. ಇನ್ನೊಂದು ಬಾಗಿಲು ತೆರೆಯುವ ಕೆಲಸ ಬಾಕಿ ಇದೆ, ಅದರಲ್ಲಿ ನಮ್ಮ ಕ್ರೈಸ್ತ ಸಭೆಗೆ ಪಾಲಿದೆ.

ಈ ಕೆಲಸವನ್ನು ಮಾಡಿದ ಒಬ್ಬರ ಕಥೆ ನನಗೆ ಬಹಳ ಪ್ರಿಯ. ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್, 1818ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಬಡ ಹಳ್ಳಿಗಳ ಮೇಯರ್ ಆಗಿದ್ದರು, ಗಾಢ ಭಕ್ತರಾದ ಪ್ರೊಟೆಸ್ಟೆಂಟ್. 1846-47ರ ಬರದ ಚಳಿಗಾಲದಲ್ಲಿ ಊರಿನ ಉಳ್ಳವರಿಂದ ದುಡ್ಡು ಸೇರಿಸಿ, ಬಡವರಿಗೆ ಹಿಟ್ಟು, ರೊಟ್ಟಿ ಸಾಲವಾಗಿ ಸಿಗುವಂತೆ ಮಾಡಿದರು. ದನದ ಸಾಲಕ್ಕೆ, ಬೀಜದ ಸಾಲಕ್ಕೆ ರೈತರು ಲೇವಾದೇವಿಯವರ ಕೈಗೆ ಸಿಕ್ಕು ಹೊಲ ಕಳೆದುಕೊಳ್ಳುತ್ತಿದ್ದರು. ಮೊದಲು ಅವರು ಉಳ್ಳವರ ದಾನದ ಮೇಲೆ ಸಂಘ ಕಟ್ಟಿದರು. ಅದು ಬಹಳ ದಿನ ನಡೆಯಲಿಲ್ಲ. ಕೊಡುವವರು ಬೇರೆ, ಪಡೆಯುವವರು ಬೇರೆ ಆಗಿದ್ದರೆ ದಯೆ ಬೇಗ ಸುಸ್ತಾಗುತ್ತದೆ. ಆಗ ಅವರು ದಾರಿ ಬದಲಿಸಿದರು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಕಟ್ಟಿದ ಸಂಘದಲ್ಲಿ ಸಾಲ ಪಡೆಯುವವರೇ ಸದಸ್ಯರು, ಅವರೇ ಒಡೆಯರು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ.

ನಿಲ್ಲಿ, ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಬ್ಬರಿಗೆ ಎಲ್ಲರೂ ಹೊಣೆ ಎಂಬುದು ಇವತ್ತಿನ ಗ್ರೂಪ್ ಲೋನ್‌ನಲ್ಲೂ ಇದೆಯಲ್ಲ? ಇದೆ. ಆ ತಾಯಿಯ ಜಗಲಿಯಲ್ಲಿ ಕೂತಿದ್ದ ಹೆಂಗಸರೂ ಹೊಣೆಗಾರರೇ. ಆದರೆ ರೈಫೈಸನ್ ಸಂಘದಲ್ಲಿ ಹೊಣೆ ಹೊತ್ತವರ ಕೈಯಲ್ಲೇ ಲೆಕ್ಕದ ಪುಸ್ತಕ ಇತ್ತು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಬೆಳೆ ಹೋದ ವರ್ಷ ಎಷ್ಟು ದಿನ ಕಾಯಬೇಕು, ಎಲ್ಲ ಅವರೇ ತೀರ್ಮಾನಿಸುತ್ತಿದ್ದರು. ಲಾಭ ಊರಲ್ಲೇ ಉಳಿಯುತ್ತಿತ್ತು. ಇವತ್ತು ಹೊಣೆ ಮಾತ್ರ ಊರಿನ ಹೆಂಗಸರದ್ದು, ಪುಸ್ತಕವೂ ಲಾಭವೂ ಬೇರೆ ಕಡೆ. ನೆರೆಹೊರೆಯ ಪ್ರೀತಿಯನ್ನು ಜಾಮೀನಾಗಿ ಬಳಸಿ, ಆ ಪ್ರೀತಿಯನ್ನೇ ಹಾಳು ಮಾಡುವುದನ್ನು ನಾನು ಪಾಪ ಎಂದೇ ಕರೆಯುತ್ತೇನೆ.

ರೈಫೈಸನ್ ಹೆಸರು ನಮ್ಮ ಕಡೆಗೂ ಬಂತು. ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ರೈತರ ಸಾಲದ ಬಗ್ಗೆ ದೊಡ್ಡ ವರದಿ ಬರೆದರು. ರೈಫೈಸನ್‌ನಂಥವರನ್ನು ಹುಡುಕಿ ಎಂಬುದೇ ಅದರ ಸಾರ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅದು. ಒಬ್ಬ ಜರ್ಮನ್ ಭಕ್ತನ ಯೋಚನೆ, ಒಬ್ಬ ಗೌಡರ ಊರಿನ ಪ್ರೀತಿ, ಎರಡೂ ಕಣಗಿನಹಾಳದಲ್ಲಿ ಸೇರಿದವು. ಅಲ್ಲಿಗೆ ಒಂದು ಸಲ ಹೋಗಿ ಬನ್ನಿ.

ಚರ್ಚಿನ ಇತಿಹಾಸದ ಒಳ್ಳೆಯದನ್ನು ಮಾತ್ರ ಹೇಳಿದರೆ ಸುಳ್ಳಾಗುತ್ತದೆ. 15ನೇ ಶತಮಾನದ ಇಟಲಿಯಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಡವರಿಗಾಗಿ ಕಡಿಮೆ ಬಡ್ಡಿಯ ಗಿರವಿ ಸಂಸ್ಥೆಗಳನ್ನು ಕಟ್ಟಿದರು, 1462ರಲ್ಲಿ ಪೆರುಜಿಯಾದಲ್ಲಿ ಒಂದು ಶುರುವಾಯಿತು. ದೊಡ್ಡ ಕೆಲಸ. ಆದರೆ ಅವರಲ್ಲಿ ಕೆಲವರ ಪ್ರಸಂಗಗಳು ಬಡ್ಡಿಯ ಮೇಲಿನ ಸಿಟ್ಟನ್ನು ಯೆಹೂದ್ಯರ ಮೇಲೆ ತಿರುಗಿಸಿದವು. ಸಾಲದ ನೋವಿಗೆ ಒಂದು ಜಾತಿಯನ್ನೋ ಧರ್ಮವನ್ನೋ ಗುರಿ ಮಾಡುವುದು ಬಹಳ ಸುಲಭ. ನಮ್ಮ ಊರಲ್ಲೂ ಮೀಟರ್ ಬಡ್ಡಿ ಎಂದ ಕೂಡಲೇ ಒಂದು ಜಾತಿಯ ಹೆಸರು ಬಾಯಿಗೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಕೈ ಶುದ್ಧವೇ ಎಂಬ ಪ್ರಶ್ನೆಯನ್ನು ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನಿಂದ ಕಲಿಯಬೇಕು. ನೆಹೆಮೀಯ 5ನೇ ಅಧ್ಯಾಯ. ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದಾಗ ಜನ ಬಂದು ಅಳುತ್ತಾರೆ. ಬರದಲ್ಲಿ ಧಾನ್ಯಕ್ಕಾಗಿ ಹೊಲ, ಮನೆ ಅಡವಿಟ್ಟೆವು. ಅರಸನ ತೆರಿಗೆಗೆ ಸಾಲ ಮಾಡಿದೆವು. ನಮ್ಮ ಹೆಣ್ಣುಮಕ್ಕಳು ಆಗಲೇ ದಾಸಿಯರಾಗಿದ್ದಾರೆ. ನೆಹೆಮೀಯ ಸಿಟ್ಟಿನಿಂದ ಶ್ರೀಮಂತರ ಸಭೆ ಕರೆದು ಗದರಿಸುತ್ತಾನೆ. ಆದರೆ ನಡುವೆ ಒಂದು ಮಾತು ಹೇಳುತ್ತಾನೆ: ನಾನೂ, ನನ್ನ ತಮ್ಮಂದಿರೂ, ನನ್ನ ಆಳುಗಳೂ ಇವರಿಗೆ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆ, ಬಿಟ್ಟುಬಿಡೋಣ. ಆ "ನಾನೂ" ಎಂಬುದು ಇಲ್ಲದಿದ್ದರೆ ಆ ಅಧ್ಯಾಯಕ್ಕೆ ಬಲವೇ ಇರುತ್ತಿರಲಿಲ್ಲ.

2013ರಲ್ಲಿ ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಅಲ್ಲಿನ ಚರ್ಚಿನ ಹಿರಿಯ ಧರ್ಮಗುರು, ಆಗಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು, ಸಂಬಳ ಬರುವವರೆಗಿನ ತುರ್ತು ಸಾಲಕ್ಕೆ ಭಾರೀ ಬಡ್ಡಿ ಹಾಕುತ್ತಿದ್ದ ಒಂದು ಕಂಪನಿಗೆ ಎದುರಾಗಿ ನಿಂತರು. ಸಹಕಾರ ಸಂಘಗಳನ್ನು ಬೆಳೆಸಿ ನಿಮ್ಮನ್ನು ಪೈಪೋಟಿಯಲ್ಲೇ ಸೋಲಿಸುತ್ತೇವೆ ಎಂದರು. ಅದರ ಬೆನ್ನಲ್ಲೇ, ಚರ್ಚಿನ ಹಣವೇ ಬಳಸು ದಾರಿಯಲ್ಲಿ ಆ ಕಂಪನಿಗೆ ಹೋಗಿದೆ ಎಂದು ಪತ್ರಿಕೆಯಲ್ಲಿ ಬಂತು. ಅವರು ಮುಚ್ಚಿಡಲಿಲ್ಲ, ನಾಚಿಕೆಯಾಗಿದೆ ಎಂದು ಒಪ್ಪಿಕೊಂಡರು. ಕೆಲಸವನ್ನೂ ನಿಲ್ಲಿಸಲಿಲ್ಲ. 2015ರ ಜನವರಿಯಿಂದ ಅಲ್ಲಿ ಅಂಥ ಸಾಲಕ್ಕೆ ಮಿತಿ ಬಂತು. ಬಡ್ಡಿ, ಶುಲ್ಕ, ದಂಡ ಎಲ್ಲ ಸೇರಿ ಅಸಲಿಗಿಂತ ಹೆಚ್ಚಾಗುವಂತಿಲ್ಲ. ನಮ್ಮ ದಾಮದುಪಟ್ ನೆನಪಾಗುವುದಿಲ್ಲವೇ? ನಮ್ಮಲ್ಲೂ ಇಂಥದ್ದೊಂದು ಮಿತಿ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಹಾಗಾದರೆ ನಮ್ಮ ಕೈ ಹೇಗಿದೆ? ಜನ ಸಾಲ ಮಾಡುವುದು ಯಾವಾಗ? ಆಸ್ಪತ್ರೆಗೆ, ಮದುವೆಗೆ, ಜೂನ್ ತಿಂಗಳ ಸ್ಕೂಲ್ ಫೀಸಿಗೆ. ಕ್ರೈಸ್ತರು ಈ ರಾಜ್ಯದಲ್ಲಿ ಎಷ್ಟೋ ಸ್ಕೂಲು, ಆಸ್ಪತ್ರೆ ನಡೆಸುತ್ತೇವೆ. ಇಡೀ ವರ್ಷದ ಫೀಸನ್ನು ಜೂನ್‌ನಲ್ಲೇ ಕಟ್ಟಿ ಎಂದು ಯಾವ ಸ್ಕೂಲು ಹೇಳಿದರೂ, ಅದು ಒಂದು ತಾಯಿಯನ್ನು ಸಂಘದ ಸಾಲಕ್ಕೆ ಕಳಿಸಿದ ಹಾಗೆ. ಹತ್ತು ಕಂತು ಮಾಡಿದರೆ ಸಾಲವೇ ಬೇಕಾಗುವುದಿಲ್ಲ. ಇನ್ನೊಂದು, ಸಂಬಳ. ಅದೇ 24ನೇ ಅಧ್ಯಾಯದಲ್ಲಿ ಕೂಲಿಯವನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲು ಕೊಡು ಎಂದಿದೆ. ಎರಡು ತಿಂಗಳು ಸಂಬಳ ಬಾರದ ಟೀಚರ್, ಆಯಾ, ವಾಚ್‌ಮನ್ ಏನು ಮಾಡುತ್ತಾರೆ? ಸಾಲ ಮಾಡುತ್ತಾರೆ. ಆಗ ಅವರ ಸಾಲದ ಬಡ್ಡಿಯ ಹೊಣೆ ಯಾರದ್ದು?

ವಸೂಲಿಗೆ ಬರುವ ಹುಡುಗರ ಬಗ್ಗೆಯೂ ಹೇಳಬೇಕು. ನಾನು ಈ ವಚನವನ್ನು ಒಂದು ಯುವಜನ ಕೂಟದಲ್ಲಿ ಓದಿದಾಗ ಒಬ್ಬ ಹುಡುಗ ಆಮೇಲೆ ಬಂದು ಒಬ್ಬನೇ ಮಾತಾಡಿದ. ಅವನದ್ದು ಅದೇ ಕೆಲಸ. "ಅಂಕಲ್, ನಾನು ಹೊರಗೆ ನಿಂತರೆ ನನ್ನ ಟಾರ್ಗೆಟ್ ಆಗಲ್ಲ. ಟಾರ್ಗೆಟ್ ಆಗದಿದ್ದರೆ ಸಂಬಳ ಕಟ್. ನನ್ನ ಬೈಕೇ ಸಾಲದ್ದು." ಅವನನ್ನು ರಾಕ್ಷಸ ಎನ್ನಲು ನನಗೆ ಆಗಲಿಲ್ಲ. ಕಾನೂನು ಜೈಲಿಗೆ ಕಳಿಸುವುದು ಇಂಥವನನ್ನೇ ಆಗಿ, ಟಾರ್ಗೆಟ್ ಬರೆದವರು ಕುರ್ಚಿಯಲ್ಲೇ ಉಳಿದರೆ ಅದು ನ್ಯಾಯವಲ್ಲ. ಸರ್ಕಾರಕ್ಕೆ ನಾವು ಮನವಿ ಕೊಡುವಾಗ ಈ ಮಾತನ್ನೂ ಬರೆಯಬೇಕು.

ಅರಸುಗಳು ಎರಡನೆಯ ಗ್ರಂಥದ 4ನೇ ಅಧ್ಯಾಯದ ವಿಧವೆಯನ್ನು ನೆನೆಸಿಕೊಳ್ಳಿ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಎಳೆದೊಯ್ಯಲು ಬಂದಿದ್ದಾನೆ. ಪ್ರವಾದಿ ಎಲೀಷ ಮೊದಲು ಕೇಳುವುದು, ನಿನ್ನ ಮನೆಯಲ್ಲಿ ಏನಿದೆ? ಒಂದು ಮೊಗೆ ಎಣ್ಣೆ. ಹಾಗಾದರೆ ನೆರೆಯವರಿಂದ ಪಾತ್ರೆ ಕೇಳಿ ತಾ, ಕಡಿಮೆ ತರಬೇಡ. ಎಣ್ಣೆ ದೇವರದ್ದು, ಪಾತ್ರೆಗಳು ಮಾತ್ರ ನೆರೆಮನೆಗಳಿಂದಲೇ ಬರಬೇಕಿತ್ತು. ಪಾತ್ರೆ ಮುಗಿದಾಗ ಎಣ್ಣೆಯೂ ನಿಂತಿತು. ಅವಳು ಎಣ್ಣೆ ಮಾರಿ ಸಾಲ ತೀರಿಸಿದಳು, ಉಳಿದದ್ದರಲ್ಲಿ ಬದುಕಿದಳು.

ಅದಕ್ಕೇ ನಮ್ಮ ಸಭೆಯಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ತಿಂಗಳ ಮೊದಲ ಭಾನುವಾರ, ಆರಾಧನೆ ಮುಗಿದ ಮೇಲೆ, ಹಿಂದಿನ ಕೋಣೆಯಲ್ಲಿ ನಾನು ಮತ್ತು ಲೆಕ್ಕ ಬಲ್ಲ ಇಬ್ಬರು ತಂಗಿಯರು ಕೂರುತ್ತೇವೆ. ನಿಮ್ಮ ಕಂತಿನ ಕಾರ್ಡು, ಸಹಿ ಮಾಡಿದ ಕಾಗದ ಏನೇ ಇರಲಿ ತನ್ನಿ. ಬಡ್ಡಿ ಎಷ್ಟು ಬಿದ್ದಿದೆ ಎಂದು ಕೂತು ಲೆಕ್ಕ ಹಾಕೋಣ. ನಿಯಮ ಮೀರಿದ್ದರೆ ದೂರು ಬರೆದುಕೊಡುತ್ತೇವೆ, ಕಚೇರಿಗೆ ಜೊತೆಯಲ್ಲಿ ಬರುತ್ತೇವೆ. ನೀವು ಯಾವ ಸಭೆಯವರು, ಯಾವ ದೇವರಿಗೆ ಕೈ ಮುಗಿಯುವವರು ಎಂದು ಕೇಳುವುದಿಲ್ಲ. ಯಾರ ಹೆಸರನ್ನೂ ಗಟ್ಟಿಯಾಗಿ ಓದುವುದಿಲ್ಲ. ಬಾಗಿಲು ಹಾಕಿರುತ್ತದೆ, ಸುಮ್ನೆ ಒಂದು ಸಲ ತಟ್ಟಿ.